ಗಾಂಧಾರದ ನಾಲ್ಕು ಮಿಲಿಮೀಟರ್

ನನ್ನ ಗೆಳೆಯ ತೀರಿಕೊಂಡು ಬರುವ ತಿಂಗಳಿಗೆ ಎರಡು ವರ್ಷ. ಅವನ ಬಗ್ಗೆ ನಾಲ್ಕು ಜನರ ಮುಂದೆ ಒಳ್ಳೆಯ ಮಾತಾಡಲು ಕೂತರೆ ಎರಡು ಮಾತಿಗೇ ಎದ್ದುಬಿಡುತ್ತೇನೆ. ದುಃಖಕ್ಕೆ ಎದ್ದ ಎಂದು ಜನ ತಿಳಿಯುತ್ತಾರೆ. ಅರ್ಧ ಅದು ಖರೆ. ಉಳಿದ ಅರ್ಧ ಏನು ಎಂಬುದನ್ನು ಯಾರಿಗೂ ಹೇಳಿಲ್ಲ. ಹೇಳಬೇಕಾದರೆ ನಾವಿಬ್ಬರೂ ಸೇರಿ ಮಾಡಿದ ಒಂದು ಎಲೆಕ್ಟ್ರಿಕ್ ಗಿಟಾರಿನ ವಿಷಯ ಮೊದಲಿನಿಂದ ಹೇಳಬೇಕಾಗುತ್ತದೆ.

ನಾನು ಹುಬ್ಬಳ್ಳಿಯ ದುರ್ಗದಬೈಲ್ ಹಿಂದಿನ ಓಣಿಯಲ್ಲಿ ಹಾರ್ಮೋನಿಯಂ, ತಂಬೂರಿ ರಿಪೇರಿ ಮಾಡುವವನು. ಅಂಗಡಿ ಅಪ್ಪನದು, ಕೆಲಸವೂ ಅಪ್ಪ ಕಲಿಸಿದ್ದು. ಎರಡು ಅಂಗಡಿ ಆಚೆ ನನ್ನ ಗೆಳೆಯನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟರು, ಫ್ಯಾನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಅವನ ಹಗಲಿನ ಕೆಲಸ. ಮದುವೆ, ಗಣಪತಿ ಹಬ್ಬ ಬಂದರೆ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದ. ನಾನು ಅವನನ್ನು ಉಸ್ತಾದ ಎಂದು ಕರೆಯುತ್ತಿದ್ದೆ, ಅವನು ನನ್ನನ್ನು ಮೇಸ್ತ್ರಿ ಎನ್ನುತ್ತಿದ್ದ. ಚೇಷ್ಟೆಗೆ ಶುರುವಾದ ಹೆಸರುಗಳು ಕೊನೆಯತನಕ ಉಳಿದವು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅಪ್ಪ ತೀರಿಕೊಂಡ. ಅದೇ ವರ್ಷ ಅಂಗಡಿಯ ನೆಲಕ್ಕೆ ಫರಶಿ ಕಲ್ಲು ಹಾಕಿಸಿ, ಅಪ್ಪ ನಲವತ್ತು ವರ್ಷ ಕೂತ ಗಲ್ಲೆಯನ್ನು ಬಿಚ್ಚಿ ಗಾಜಿನ ಕೌಂಟರ್ ಕೂಡಿಸಿದೆ. ಗಲ್ಲೆಯ ಮೇಲಿನ ಹಲಗೆ ಎರಡಿಂಚು ದಪ್ಪದ ಸಾಗವಾನಿ. ಕೈ ಉಜ್ಜಿ ಉಜ್ಜಿ ನಡುವೆ ತಗ್ಗು ಬಿದ್ದಿತ್ತು. ಗೆಳೆಯ ಅದರ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಇದನ್ನ ಏನ್ ಮಾಡ್ತಿ?" ಎಂದ.

"ಯಾರರೆ ಕೇಳಿದ್ರ ಕೊಡ್ತೇನಿ. ಇಲ್ಲಂದ್ರ ನೀರ ಕಾಯಿಸಾಕ ಒಲಿಗೆ."

ಅವನು ಲೋಟ ಕೆಳಗಿಟ್ಟು ಬೆರಳ ಗೆಣ್ಣಿನಿಂದ ಹಲಗೆ ಬಡಿದ. "ಕೇಳಿಲ್ಲೆ. ಇಷ್ಟು ದನಿ ಇರೂ ಕಟಗಿ ಒಲಿಗೆ ಹಾಕ್ತಿ? ನಿಮ್ಮಪ್ಪಾರು ಎದ್ದು ಬಂದು ಒದೀತಾರ."

"ಮತ್ತೇನ್ ಮಾಡ್ಲಿ?"

"ನನಗೊಂದು ಗಿಟಾರ ಮಾಡು. ಕಟಗಿ ನಿಂದು, ಕರೆಂಟ್ ನಂದು."

ಅವನಿಗೆ ಸ್ವಂತ ಗಿಟಾರು ಇರಲಿಲ್ಲ. ನುಡಿಸುತ್ತಿದ್ದದ್ದು ಆರ್ಕೆಸ್ಟ್ರಾದ ಮಾಲೀಕರದು. ಕಾರ್ಯಕ್ರಮ ಮುಗಿದ ಕೂಡಲೇ ಅದನ್ನು ಪೆಟ್ಟಿಗೆಗೆ ಹಾಕಿ ಒಯ್ಯುತ್ತಿದ್ದರು. ಮನೆಯಲ್ಲಿ ಅವನು ಖಾಲಿ ಕೈಯಲ್ಲಿ ಬೆರಳಾಡಿಸುತ್ತಿದ್ದ.

ನಾನು ಅಲ್ಲಿಯವರೆಗೆ ಗಿಟಾರು ಮಾಡಿದವನಲ್ಲ. ಆದರೆ ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆ ಟೊಳ್ಳಾಗಿರುವುದು ಬೇಡ, ಗಟ್ಟಿ ಹಲಗೆ ಸಾಕು ಎಂದು ಅವನು ಹೇಳಿದ ಮೇಲೆ ಧೈರ್ಯ ಬಂತು. ಹಲಗೆಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ಒಂದು ಮುರಿದ ಮೊಳೆ ಒಳಗೇ ಉಳಿದು ಕಟ್ಟಿಗೆ ನಯ ಮಾಡುವ ರಂದಾದ ಅಲಗು ಹಾಳಾಯಿತು. ತಗ್ಗು ಹೋಗುವತನಕ ಕೆತ್ತಿದರೆ ದಪ್ಪ ಒಂದೂಮುಕ್ಕಾಲು ಇಂಚಿಗೆ ಇಳಿಯಿತು. ಕಾಗದದಲ್ಲಿ ಆಕಾರ ಬರೆದು ಕತ್ತರಿಸಿ, ಗರಗಸ ಹಾಕಿದೆ. ಅಂಚುಗಳನ್ನು ಕಾನಸಿನಿಂದ ದುಂಡಗೆ ಮಾಡುವಾಗ ಅವನು ಬಾಗಿಲಲ್ಲಿ ನಿಂತು, "ಇದು ಗಿಟಾರೋ, ಬಟ್ಟಿ ಒಗಿಯೂ ಹಲಗಿನೋ?" ಎಂದ.

"ನೀ ನಿನ್ನ ಫ್ಯಾನ್ ಸುತ್ತಿಕೋತ ಇರು," ಎಂದೆ.

ಕುತ್ತಿಗೆಗೆ ನಮ್ಮ ಮನೆಯ ಮುರಿದ ಮಂಚದ ಬೀಟೆ ಪಟ್ಟಿ ತೆಗೆದುಕೊಂಡೆ. ಮೊದಲ ಕುತ್ತಿಗೆ ಕೆಟ್ಟಿತು. ಆರು ತಂತಿ ಬಿಗಿದು ಬಿಟ್ಟ ಮೂರನೆಯ ದಿನ ಬಿಲ್ಲಿನ ಹಾಗೆ ಬಾಗಿ, ತಂತಿಯ ಕೆಳಗೆ ಬೆರಳು ತೂರುವಷ್ಟು ಸಂದಿಯಾಗಿತ್ತು. ಮಂಚದ ಇನ್ನೊಂದು ಪಟ್ಟಿ ತೆಗೆದು, ಉದ್ದಕ್ಕೆ ಕಾಲುವೆಯ ಹಾಗೆ ತೋಡಿ, ಗ್ರಿಲ್ ಮಾಡುವವರ ಕಡೆಯಿಂದ ತಂದ ಚೌಕದ ಕಬ್ಬಿಣದ ಸರಳನ್ನು ಅದರೊಳಗೆ ಕೂಡಿಸಿ, ಮೇಲೆ ತೆಳುವಾದ ಬೀಟೆ ಪಟ್ಟಿ ಅಂಟಿಸಿದೆ. ಅದು ಇವತ್ತಿಗೂ ನೆಟ್ಟಗಿದೆ. ತಂತಿ ಬಿಗಿಯುವ ಬಿರಡೆಗಳು ಒಂದು ಸತ್ತ ಹವಾಯಿನ್ ಗಿಟಾರಿನವು.

ಅವನ ಪಾಲಿನ ಕೆಲಸ ಇನ್ನೂ ಕಷ್ಟದ್ದು. ತಂತಿಯ ಕಂಪನವನ್ನು ಕರೆಂಟಾಗಿ ಮಾಡುವ ಪಿಕಪ್ ಎಂದರೆ ಒಂದು ಅಯಸ್ಕಾಂತ, ಆರು ಕಬ್ಬಿಣದ ಸ್ಕ್ರೂ, ಸುತ್ತಲೂ ಸಾವಿರಾರು ಸುತ್ತು ತಂತಿ. ಅಯಸ್ಕಾಂತ ಹಳೆಯ ಸ್ಪೀಕರಿನದು. ತಂತಿ ಕೂದಲಿಗಿಂತ ತೆಳುವಿರಬೇಕು. ಅದನ್ನು ಹಳೆಯ ಟೆಲಿಫೋನಿನ ಗಂಟೆಯ ಕಾಯಿಲಿನಿಂದ ಬಿಚ್ಚಿದ. ಮೋಟರಿನ ದಪ್ಪ ತಂತಿ ಸುತ್ತಿ ರೂಢಿಯಾದ ಕೈ. ನಾಲ್ಕು ಸಾವಿರ ಸುತ್ತಿಗೆ ಒಮ್ಮೆ ಹರಿಯಿತು, ಐದಕ್ಕೆ ಇನ್ನೊಮ್ಮೆ. ಮೂರನೆಯ ಸಲ ಉಸಿರು ಬಿಗಿಹಿಡಿದು, ಸುತ್ತುವ ಯಂತ್ರದ ಕೌಂಟರಿನ ಮೇಲೆ ಕಣ್ಣಿಟ್ಟು ಏಳು ಸಾವಿರ ಮುಗಿಸಿದ. ಬೆಸುಗೆ ಹಾಕಿದ ಪ್ರತಿ ತುದಿಗೂ ಮೋಟರಿಗೆ ಹಾಕುವ ಹಳದಿ ನೂಲಿನ ಸ್ಲೀವು, ಸಣ್ಣ ಕೊಳವೆಯಂಥ ಕವಚ, ತೊಡಿಸಿದ. ಅವನ ಕೆಲಸ ಎಲ್ಲಿ ಕಂಡರೂ ಆ ಸ್ಲೀವಿನಿಂದ ಗುರುತು ಹಿಡಿಯಬಹುದಿತ್ತು. ಗುಂಯ್ ಎಂಬ ಸದ್ದು ಹೋಗಲೆಂದು ಚಹಾ ಪೆಟ್ಟಿಗೆಯ ಬೆಳ್ಳಿ ಕಾಗದವನ್ನು ಒಳಗೆಲ್ಲ ಹಚ್ಚಿದ.

ಇನ್ನು ಮೆಟ್ಟಿಲು. ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂಡಿಸುವ ಇಪ್ಪತ್ತು ಲೋಹದ ಪಟ್ಟಿಗಳು. ಬೆರಳು ಅವುಗಳ ಹಿಂದೆ ಒತ್ತಿದಾಗ ಸ್ವರ ಹುಟ್ಟುತ್ತದೆ. ಅವುಗಳ ಜಾಗ ತಪ್ಪಿದರೆ ಸ್ವರ ತಪ್ಪುತ್ತದೆ.

"ಆರ್ಕೆಸ್ಟ್ರಾದ ಗಿಟಾರ ಒಂದಿನ ತರ್ತೇನಿ, ಅದರ ಮ್ಯಾಲ ಅಳತಿ ಹಿಡಿ," ಎಂದ ಗೆಳೆಯ.

"ಅಳತಿ ಯಾಕ? ಕಿವಿ ಐತಲ್ಲ," ಎಂದೆ ನಾನು.

ಅಪ್ಪ ಸ್ವರ ಕೂಡಿಸುವಾಗ ಅಳತೆಪಟ್ಟಿ ಮುಟ್ಟಿದವನಲ್ಲ. ತಂಬೂರಿ ಮಿಡಿದು, ಅದರೊಳಗೆ ಹಾರ್ಮೋನಿಯಮ್ಮಿನ ಸ್ವರ ಕರಗಿಹೋಗುವತನಕ ದನಿ ಹುಟ್ಟಿಸುವ ಹಿತ್ತಾಳೆಯ ರೀಡನ್ನು ಕೆರೆಯುತ್ತಿದ್ದ. ಧಾರವಾಡದ ಹಾಡುಗಾರರು ಅದಕ್ಕೇ ನಮ್ಮ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು. ನಾನೂ ಹಾಗೆಯೇ ಮಾಡಿದೆ. ಹಿತ್ತಾಳೆಯ ತಂತಿಯ ತುಂಡುಗಳನ್ನು ಸಿತಾರಿನ ಹಾಗೆ ನೂಲಿನಿಂದ ಕುತ್ತಿಗೆಗೆ ಕಟ್ಟಿ, ಪಕ್ಕದಲ್ಲಿ ತಂಬೂರಿ ಮಿಡಿಯುತ್ತ, ಒಂದೊಂದನ್ನೇ ಹಿಂದೆ ಮುಂದೆ ಸರಿಸಿದೆ. ನಾಲ್ಕನೆಯ ಮೆಟ್ಟಿಲು ಗಾಂಧಾರ. ಅದು ತಂಬೂರಿಯೊಳಗೆ ಸಕ್ಕರೆಯ ಹಾಗೆ ಕರಗಿದಾಗ ಪೆನ್ಸಿಲಿನಿಂದ ಗೆರೆ ಎಳೆದೆ. ಹೀಗೆ ಇಪ್ಪತ್ತನ್ನೂ ಗುರುತಿಸಿ, ಗರಗಸದಿಂದ ಗೀರು ಹಾಕಿ, ಎರಡು ಟ್ಯೂಬು ಕಲಸುವ ಅಂಟಿನಿಂದ ಕೂಡಿಸಿದೆ.

ಆ ದಿನ ನಮ್ಮ ಅಂಗಡಿಯಲ್ಲಿ ಹಳೆಯ ಟೇಪ್‌ರೆಕಾರ್ಡರಿಗೆ ವಾಯರು ಹಚ್ಚಿ ಅವನು ನುಡಿಸಿದ. ತಂಬೂರಿ ನಾನೇ ಮಿಡಿದೆ. ಒಂದು ತಾಸು ಒಂದೊಂದೇ ತಂತಿಯ ಮೇಲೆ ಸಾವಕಾಶ ಓಡಾಡಿದ. ಬೀದಿಯಲ್ಲಿ ಹೋಗುವವರು ನಿಂತರು. ಮುಗಿದ ಮೇಲೆ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಗಲ್ಲೆಯ ಹಳೆಯ ಮೊಳೆಯ ತೂತಿನ ಮೇಲೆ ಬೆರಳಿಟ್ಟು, "ನಿಮ್ಮಪ್ಪಾರು ಇದರಾಗ ಕುಂತಾರ ಮೇಸ್ತ್ರಿ," ಎಂದ. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆ ವರ್ಷದ ಗಣಪತಿ ಹಬ್ಬಕ್ಕೆ ದೇಶಪಾಂಡೆ ನಗರದಲ್ಲಿ ಅವರ ಕಾರ್ಯಕ್ರಮ. ನಾನು ಎರಡನೆಯ ಸಾಲಿನಲ್ಲಿದ್ದೆ. ಗಿಟಾರಿನ ತುಣುಕು ಬಂದಾಗ ಅವನು ನನ್ನ ಕಡೆ ನೋಡಿ ತಲೆ ಆಡಿಸಿದ. ಸ್ಪೀಕರಿನಿಂದ ಬಂದ ದನಿ ತುಂಬಿಕೊಂಡು, ದುಂಡಗೆ ಇತ್ತು. ಪಕ್ಕದವರಿಗೆ, "ಅದು ನಾ ಮಾಡಿದ್ದರಿ," ಎಂದೆ. ಕೇಳದೇ ಹೇಳಿದ್ದು.

ಆರು ವರ್ಷ ಅಂಥ ಕಾರ್ಯಕ್ರಮಗಳಿಗೆ ಹೋದೆ. ಎಷ್ಟೋ ಸಲ ಎರಡನೆಯ ಸಾಲು, ಎಷ್ಟೋ ಸಲ ಆ ತಲೆ ಆಡಿಸುವುದು. ಹೊಸ ತಂತಿ ಬೇಕೆಂದು ಒಯ್ಯುತ್ತಿದ್ದ, ಗಿಟಾರನ್ನು ಮಾತ್ರ ಒಮ್ಮೆಯೂ ಅಂಗಡಿಗೆ ತರಲಿಲ್ಲ. ತಾ, ಮೆಟ್ಟಿಲು ಉಜ್ಜಿ ಕೊಡುತ್ತೇನೆ ಎಂದರೆ, "ನಿನ್ನ ಕೆಲಸಕ್ಕ ರಿಪೇರಿ ಎಲ್ಲಿಂದ ಬರ್ತೈತಿ?" ಎನ್ನುತ್ತಿದ್ದ. ನಾನು ಅದನ್ನು ಹೊಗಳಿಕೆ ಎಂದು ಮನೆಗೆ ಒಯ್ಯುತ್ತಿದ್ದೆ.

ಅವನಿಗೆ ಕಾಮಾಲೆಯಾಯಿತು. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದ. ದಿನಾ ಸಂಜೆ ಹೋಗಿ ಕೂತೆ. "ನೋಡು ಮೇಸ್ತ್ರಿ, ಪಾಲಿಶ್ ಹೊಡದಂಗ ಆಗೇನಿ," ಎಂದು ಹಳದಿ ಕೈ ತೋರಿಸಿ ನಕ್ಕ. ಯಾವ ಯಾವುದೋ ಮೋಟರಿನ ಮಾತು, ಮಗಳ ಶಾಲೆಯ ಮಾತು ಆಡಿದ. ಗಿಟಾರಿನ ಮಾತು ಒಂದು ದಿನವೂ ತೆಗೆಯಲಿಲ್ಲ. ಹತ್ತೊಂಬತ್ತನೆಯ ದಿನ ನಾನು ಹೋಗುವಷ್ಟರಲ್ಲಿ ಮಂಚ ಖಾಲಿಯಿತ್ತು.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಅವನ ಹೆಂಡತಿ ಗಿಟಾರನ್ನು ಒಂದು ಓಢಣಿಯಲ್ಲಿ ಸುತ್ತಿ ತಂದು ಕೊಟ್ಟರು.

"ನಿಮ್ಮ ಕೈಯಾಗ ಆಗಿದ್ದು ಅಣ್ಣಾರ. ನಿಮ್ಮ ಕಡೇನ ಇರ್ಲಿ."

"ಮಗಳಿಗೆ ಇಟ್ಕೋರಿ ಭಾಬಿ."

"ಅಕಿ ನೋಡಿದ್ರ ಅಳ್ತಾಳ. ಒಯ್ಯಿರಿ."

ಮರುದಿನ ಅಂಗಡಿಯಲ್ಲಿ ಒರೆಸಲು ಕೂತೆ. ತುಕ್ಕು ಹಿಡಿದ ತಂತಿ ತೆಗೆದು ಮೆಟ್ಟಿಲುಗಳ ಮೇಲೆ ಬಟ್ಟೆ ಆಡಿಸಿದಾಗ ಕೈ ನಿಂತಿತು. ಹಿತ್ತಾಳೆ ಮೆತ್ತಗಿನ ಲೋಹ. ಉಕ್ಕಿನ ತಂತಿಯನ್ನು ಅದರ ಮೇಲೆ ಆರು ವರ್ಷ ಒತ್ತಿದರೆ ಆರು ತಗ್ಗು ಬೀಳಲೇಬೇಕು. ಒಂದೂ ಇರಲಿಲ್ಲ. ಮೆಟ್ಟಿಲು ನಾನು ಕೂಡಿಸಿದ ದಿನ ಹೇಗಿದ್ದವೋ ಹಾಗೇ ದುಂಡಗಿದ್ದವು.

ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಪಿಕಪ್ಪಿನಿಂದ, ಹೊರಗಿನ ವಾಯರು ಸಿಕ್ಕಿಸುವ ಜ್ಯಾಕಿಗೆ ಹೋಗುವ ವಾಯರನ್ನು ಕತ್ತರಿಸಲಾಗಿತ್ತು. ಹರಿದದ್ದಲ್ಲ. ತುದಿಯನ್ನು ಮಡಚಿ, ಅದಕ್ಕೆ ಹಳದಿ ನೂಲಿನ ಸ್ಲೀವು ತೊಡಿಸಿ, ಅಚ್ಚುಕಟ್ಟಾಗಿ ಒಂದು ಮೂಲೆಗೆ ಕಟ್ಟಲಾಗಿತ್ತು.

ಆ ಸ್ಲೀವು ಅವನದೇ ಕೈಯದು. ಆಮೇಲೆ ಗಿಟಾರನ್ನು ಅದೇ ಓಢಣಿಯಲ್ಲಿ ಸುತ್ತಿಕೊಂಡು ಆರ್ಕೆಸ್ಟ್ರಾದ ಕೀಬೋರ್ಡ್ ಮಾಸ್ತರರ ಮನೆಗೆ ಹೋದೆ. ಅವರು ನನಗಿಂತ ಹಿರಿಯರು, ಮಾತು ಕಡಿಮೆ. ಓಢಣಿ ಬಿಚ್ಚಿದ ಕೂಡಲೇ ಅವರಿಗೆ ತಿಳಿಯಿತು.

"ಬಿಚ್ಚಿ ನೋಡಿದ್ರೇನು?" ಎಂದರು.

"ನೋಡಿದೆರಿ. ಗಣಪತಿ ಮುಂದ ನಾ ಕೇಳಿದ್ದು ಏನು ಹಂಗಾರ?"

ಅವರು ತಮ್ಮ ಕೈ ನೋಡಿಕೊಂಡರು. "ನನ್ನ ಬಲಗೈರಿ. ಇದರಾಗ ಗಿಟಾರಿನ ದನಿನೂ ಇರತೈತಿ. ಅಂವ ತಂತಿ ಒತ್ತದ ಬರೇ ಬೆರಳಾಡಸ್ತಿದ್ದ, ನಾ ಬಾರಸ್ತಿದ್ದೆ."

"ಎಂದಿನಿಂದ?"

"ಮೊದಲ ಕಾರ್ಯಕ್ರಮದಿಂದ. ತಾಲೀಮಿನ್ಯಾಗನ ಗೊತ್ತಾತು, ನಮ್ಮ ಜೋಡಿ ಕೂಡಂಗಿಲ್ಲ ಅಂತ. ಹೊಸಾ ಗಿಟಾರ ಬಂತಂತ ಮಾಲಕರು ಹಳೇದನ್ನ ಮಾರಿಬಿಟ್ಟಿದ್ರು. ಮೊದಮೊದಲ ದನಿ ಏರಿಳಿಸೂ ಗುಂಡಿ ಪೂರ್ತಿ ಇಳಿಸಿ ಇಟ್ಕೋತಿದ್ದ. ಶಿರಗುಪ್ಪಿ ಲಗ್ನದಾಗ ತೋಳು ಬಡದು ಗುಂಡಿ ತಿರಗಿ, ನಡು ಹಾಡಿನ್ಯಾಗ ಬ್ಯಾರೆನ ದನಿ ಬಂತು. ಮಂದಿ ನಕ್ಕರು. ಮರುದಿನ ವಾಯರನ ಕತ್ತರಿಸಿದ."

ಅವರು ಕೀಬೋರ್ಡ್ ಹಚ್ಚಿದರು. ನಾನು ಗಿಟಾರಿನ ತಂತಿಯನ್ನು ಅವರ ಷಡ್ಜಕ್ಕೆ ಏರಿಸಿದೆ. ಎರಡೂ ಒಂದೇ ಆದವು. "ಈಗ ಗಾಂಧಾರ ಒತ್ತರಿ," ಎಂದರು. ನಾಲ್ಕನೆಯ ಮೆಟ್ಟಿಲಿನಲ್ಲಿ ನನ್ನ ಸ್ವರ, ಅವರ ಬೆರಳಿನ ಕೆಳಗೆ ಅವರ ಸ್ವರ. ಎರಡರ ನಡುವೆ ಜ್ವರ ಬಂದವರ ಹಲ್ಲಿನ ಹಾಗೆ ಒಂದು ನಡುಕ. ಕೀಬೋರ್ಡಿನಲ್ಲಿ ಬೆರಳಿಡುವ ಹನ್ನೆರಡು ಮನೆಗಳೂ ಸ್ವರದಲ್ಲಿ ಸಮ ಅಂತರದವು, ಯಾವ ಸ್ವರವನ್ನು ಷಡ್ಜ ಮಾಡಿಕೊಂಡರೂ ನಡೆಯಬೇಕು. ಅದರ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಒಂದು ಎಳೆ ಮೇಲೆ.

"ನಿಮ್ಮದು ತಪ್ಪಲ್ಲರಿ. ತಂಬೂರಿ ಮುಂದ ಇಟ್ರ ಬಂಗಾರ. ನಮ್ಮ ಮುಂದ ಅಲ್ಲ."

"ನನಗ್ಯಾಕ ಹೇಳಲಿಲ್ಲ?"

"ನಾ ಹೇಳು ಅಂದೆ. ಅವರಪ್ಪ ಹೋಗಿ ಆರ ತಿಂಗಳಾಗಿಲ್ಲ, ಅಪ್ಪ ಕೊಟ್ಟ ಕಿವಿ ಅದು, ಅದನ್ನ ಹ್ಯಾಂಗ ತಪ್ಪು ಅನ್ನಲಿ ಅಂದ." ಕೀಬೋರ್ಡ್ ಆರಿಸುತ್ತ, "ಆಮ್ಯಾಲ ರೂಢಿನೂ ಆತು ಬಿಡ್ರಿ. ಅಂವಗೂ, ನನಗೂ," ಎಂದರು.

ನಾನು ಚಹಾ ಮುಟ್ಟದೆ ಎದ್ದು ಬಂದೆ.

ಆ ಮಾತಿನಲ್ಲಿ ಪ್ರೀತಿ ಇದೆ ಎಂದು ನನಗೂ ತಿಳಿಯುತ್ತದೆ. ಆದರೆ ನಾನು ಬದುಕುವುದು ಕಿವಿಯಿಂದ. ಆರು ವರ್ಷ ಎರಡನೆಯ ಸಾಲಿನಲ್ಲಿ ಕೂತು ಪ್ಲಾಸ್ಟಿಕ್ ಮನೆಯ ದನಿಯನ್ನು ನನ್ನ ಅಪ್ಪನ ಸಾಗವಾನಿಯ ದನಿ ಎಂದು ಕೇಳಿದ್ದೆ, ಪಕ್ಕದವರಿಗೂ ಹೇಳಿದ್ದೆ. ಅವನು ಅಲ್ಲಿಂದ ತಲೆ ಆಡಿಸಿದ್ದ. ಪ್ರತಿ ಸಲ ಆಡಿಸುವಾಗ ಅವನಿಗೆ ಗೊತ್ತಿತ್ತು. ಜಗಳಾಡಬೇಕೆಂದರೆ ಅವನಿಲ್ಲ. ಸತ್ತವನ ಮೇಲೆ ಸಿಟ್ಟು ಹಿಡಿದು ಕೂತವನಿಗೆ ಅಳುವುದಕ್ಕೂ ಬರುವುದಿಲ್ಲ.

ಆ ವಾರ ಧಾರವಾಡದ ಒಬ್ಬ ಹಾಡುಗಾರರ ಹಾರ್ಮೋನಿಯಂ ಬಂತು. ಗಾಂಧಾರದ ರೀಡು ಕೆರೆಯಲು ಕೂತೆ. ಕೂಡಿತು ಎನಿಸಿತು, ಇಲ್ಲ ಎನಿಸಿತು, ಮತ್ತೆ ಕೆರೆದೆ. ಕೆರೆದು ಕೆರೆದು ರೀಡಿನ ನಾಲಿಗೆ ತೆಳುವಾಗಿ ಒಡೆಯಿತು. ಇಪ್ಪತ್ತು ವರ್ಷದಲ್ಲಿ ನಾನು ಒಡೆದ ಮೊದಲ ರೀಡು. ಹಾಡುಗಾರರು, "ಯಾಕರಿ, ಆರಾಮಿಲ್ಲೇನು?" ಎಂದು ಕೇಳಿದರು. ಜ್ವರ ಎಂದು ಸುಳ್ಳು ಹೇಳಿದೆ. ಆಗ ನನಗೆ ಭಯವಾಯಿತು. ಈ ಕೈ ಹೀಗೇ ಉಳಿದರೆ ಅಂಗಡಿ ಮುಚ್ಚಬೇಕಾಗುತ್ತದೆ.

ಕಿವಿ ಮರಳಬೇಕಾದರೆ ಮೊದಲು ಗಿಟಾರನ್ನು ತಿದ್ದಬೇಕು ಎನಿಸಿದ್ದು ಅಂದು. ಸುಲಭಕ್ಕೆ ಮನಸ್ಸು ಒಪ್ಪಲಿಲ್ಲ. ನನ್ನ ಗೆಳೆಯ ಆ ಗಿಟಾರನ್ನು ನಿಜವಾಗಿ ನುಡಿಸಿದ್ದನ್ನು ನಾನು ಕೇಳಿದ್ದು ಒಂದೇ ತಾಸು, ನನ್ನ ಅಂಗಡಿಯಲ್ಲಿ, ತಂಬೂರಿಯ ಜೊತೆ, ಇವೇ ಮೆಟ್ಟಿಲುಗಳ ಮೇಲೆ. ಇವನ್ನು ಕಿತ್ತರೆ ಆ ತಾಸೂ ಹೋಗುತ್ತದೆ. ಎರಡು ದಿನ ಯೋಚಿಸಿದೆ. ಕೊನೆಗೆ, ಅವನು ನನ್ನನ್ನು ಕೇಳದೆ ವಾಯರು ಕತ್ತರಿಸಿದ, ನಾನು ಅವನನ್ನು ಕೇಳದೆ ಮೆಟ್ಟಿಲು ಕೀಳುತ್ತೇನೆ ಎಂದುಕೊಂಡೆ.

ಅಳತೆಯ ಲೆಕ್ಕ ಕೊಟ್ಟವರು ನಮ್ಮ ಅಂಗಡಿಗೆ ಸಿತಾರು ತರುವ ಒಬ್ಬ ಕಾಲೇಜಿನ ಸರ್. ತಂತಿಯ ಉದ್ದವನ್ನು ಹದಿನೇಳು ಪಾಯಿಂಟ್ ಎಂಟು ಒಂದು ಏಳರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ದೂರ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಮುಂದಿನದು. ಇಪ್ಪತ್ತು ಸಲ ಭಾಗಿಸಿ ಕಾಗದದ ಮೇಲೆ ಬರೆದುಕೊಂಡೆ. ಐದನೆಯದು, ಏಳನೆಯದು, ಹನ್ನೆರಡನೆಯದು ಹೆಚ್ಚುಕಡಿಮೆ ನಾನು ಕೂಡಿಸಿದಲ್ಲೇ ಇದ್ದವು, ಅವನ್ನು ಮುಟ್ಟಲಿಲ್ಲ. ನಾಲ್ಕನೆಯದು, ಗಾಂಧಾರ, ನಾಲ್ಕು ಮಿಲಿಮೀಟರ್ ಮುಂದೆ ಹೋಗಬೇಕಿತ್ತು.

ಬೆಸುಗೆ ಹಾಕುವ ಕಡ್ಡಿಯಿಂದ ಉಳಿದ ಒಂದೊಂದು ಮೆಟ್ಟಿಲನ್ನೂ ಕಾಯಿಸಿದೆ. ಅಂಟು ಮೆತ್ತಗಾದ ಕೂಡಲೇ ಇಕ್ಕಳದಿಂದ ಎತ್ತಿದೆ. ಎರಡು ಕಡೆ ಕಟ್ಟಿಗೆಯ ಸಿಬಿರೆದ್ದು ಬಂತು, ಅಂಟಿಸಿ ಕೂಡಿಸಿದೆ. ಖಾಲಿ ಗೀರುಗಳಿಗೆ ಬೀಟೆಯ ಪುಡಿ ಮತ್ತು ಅಂಟು ಕಲಸಿ ತುಂಬಿ, ಒಣಗಲು ಬಿಟ್ಟು, ಉಜ್ಜಿ, ಅಳತೆಪಟ್ಟಿ ಹಿಡಿದು ಹೊಸ ಗೀರು ಹಾಕಿದೆ. ಹಳೆಯ ಗೀರುಗಳು ಮುಚ್ಚಿಹೋಗಲಿಲ್ಲ. ಪ್ರತಿ ಹೊಸ ಮೆಟ್ಟಿಲಿನ ಪಕ್ಕದಲ್ಲಿ ಒಂದು ಕರಿಯ ಗೆರೆ ಇವತ್ತಿಗೂ ಕಾಣುತ್ತದೆ.

ಕೀಬೋರ್ಡ್ ಮಾಸ್ತರರು ತಾವಾಗಿಯೇ ಒಂದು ಚಿಕ್ಕ ಕೀಬೋರ್ಡ್ ತಂದಿಟ್ಟು ಹೋಗಿದ್ದರು. ಅಂಟು ಒಣಗುವ ಹೊತ್ತಿನಲ್ಲಿ ಅದರ ಗಿಟಾರಿನ ದನಿ ಒತ್ತಿ ಒತ್ತಿ ಕೇಳಿದೆ. ನಿಜವಾದ ತಂತಿಯ ದನಿ ಮಿಡಿದ ಮೇಲೆ ಸಣ್ಣಗೆ ಬದಲಾಗುತ್ತ ಸಾಯುತ್ತದೆ. ಇದರದ್ದು ಹುಟ್ಟಿದ ಹಾಗೆಯೇ ಸಾಯುತ್ತದೆ. ಮೂರನೆಯ ದಿನಕ್ಕೆ ಆ ವ್ಯತ್ಯಾಸ ಕಿವಿಗೆ ಸಿಕ್ಕಿತು. ಸಿಕ್ಕ ಮೇಲೆ ಅದೆಷ್ಟು ದೊಡ್ಡದೆಂದರೆ, ಆರು ವರ್ಷ ಹೇಗೆ ಕೇಳಲಿಲ್ಲ ಎಂದು ನಾಚಿಕೆಯಾಯಿತು. ಕೇಳಬೇಕು ಎಂದುಕೊಂಡಿದ್ದನ್ನೇ ಕೇಳಿದ್ದೆ. ಅಳತೆ ಯಾಕೆ ಎಂದವನೂ ನಾನೇ. ಅದನ್ನು ಅವನ ತಲೆಗೆ ಕಟ್ಟಲಾರೆ. ಹಾರ್ಮೋನಿಯಮ್ಮಿಗೆ ಹೊಸ ರೀಡು ಹಾಕಿ ಅವತ್ತೇ ಕೂಡಿಸಿದೆ.

ಕೊನೆಗೆ ಕತ್ತರಿಸಿದ ವಾಯರು. ಸ್ಲೀವನ್ನು ಬ್ಲೇಡಿನಿಂದ ಸೀಳಿ ತೆಗೆದು, ಜ್ಯಾಕಿಗೆ ಬೆಸುಗೆ ಹಾಕಿದೆ. ಸ್ಲೀವನ್ನು ಬಿಸಾಡಲು ಕೈ ಬರಲಿಲ್ಲ. ರೀಡುಗಳ ಡಬ್ಬಿಯಲ್ಲಿ ಹಾಕಿಟ್ಟೆ.

ಕೀಬೋರ್ಡ್ ಮಾಸ್ತರರು ಬಂದರು. ಅವರ ಗಾಂಧಾರ, ನನ್ನ ಗಾಂಧಾರ. ನಡುಕ ಇರಲಿಲ್ಲ. ಅವರು ಬೇರೆ ಬೇರೆ ಮನೆ ಒತ್ತುತ್ತ ಹೋದರು, ನಾನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಹೋದೆ. ಎಲ್ಲ ಕೂಡಿತು.

"ಎಷ್ಟ ದಿನ ಹಿಡೀತ್ರಿ?" ಎಂದು ಕೇಳಿದರು.

"ಒಂಬತ್ತು," ಎಂದೆ. ನಡುವೆ ಅಮಾವಾಸ್ಯೆ ಬಂದಿತ್ತು. ಅಮಾವಾಸ್ಯೆಗೆ ನಾವು ಉಪಕರಣ ಮುಟ್ಟುವುದಿಲ್ಲ. ಅದನ್ನು ಬಿಟ್ಟರೆ ಎಂಟು. ಉಸ್ತಾದ ಒಂದು ಮಾತು ಹೇಳಿದ್ದರೆ ಆರು ವರ್ಷದ ಹಿಂದೆಯೇ ಮುಗಿಯುತ್ತಿದ್ದ ಎಂಟು ದಿನದ ಕೆಲಸ.